ಐನೂರು ರೂಪಾಯಿಯ ವಂತಿಗೆ: ಚಿಕ್ಕನರಗುಂದದ ರೈತನಿಗೆ ಇದು ಲಾಭವೇ?

ಗದಗ, ಬಾಗಲಕೋಟೆ, ಕೊಪ್ಪಳ ಜಿಲ್ಲೆಗಳಿಂದ ಕೂಲಿ ಕೆಲಸಕ್ಕೆಂದು ಕರಾವಳಿಗೆ ಬಂದು ನೆಲೆಸಿರುವ ಕುಟುಂಬಗಳ ನಡುವೆ ಸೇವೆ ಸಲ್ಲಿಸುತ್ತಿರುವ ನಮ್ಮ ಧರ್ಮಕೇಂದ್ರಗಳ ಕಾರ್ಯಕರ್ತರು ಒಂದು ಪ್ರಶ್ನೆಯನ್ನು ಮತ್ತೆ ಮತ್ತೆ ಎದುರಿಸುತ್ತಾರೆ. ಊರಿನ ಸೊಸೈಟಿಯಿಂದ ಸುದ್ದಿ ಬಂದಿರುತ್ತದೆ: ಯಶಸ್ವಿನಿಗೆ ದುಡ್ಡು ಕಟ್ಟುತ್ತೀರೋ, ಬಿಡುತ್ತೀರೋ? ಗಡುವು ಹತ್ತಿರ ಬಂತು. ಹಣ ಐನೂರು ರೂಪಾಯಿ. ಕಟ್ಟಿದರೆ ಏನು ಸಿಗುತ್ತದೆ, ಕಟ್ಟದಿದ್ದರೆ ಏನು ತಪ್ಪುತ್ತದೆ ಎಂದು ಕೇಳಿದಾಗ ಸರಿಯಾದ ಉತ್ತರ ಕೊಡುವವರು ಕಡಿಮೆ. 'ಕಟ್ಟಿಬಿಡಿ, ಒಳ್ಳೆಯದೇ' ಎನ್ನುವುದೂ, 'ಸರ್ಕಾರದ ಕಾರ್ಡು ಪುಕ್ಕಟೆ ಇದೆಯಲ್ಲ, ಇದೇಕೆ' ಎನ್ನುವುದೂ ಅರ್ಧ ಉತ್ತರಗಳೇ. ಆದುದರಿಂದ ಈ ಪ್ರಶ್ನೆಯನ್ನು ನರಗುಂದ ತಾಲೂಕಿನ ಚಿಕ್ಕನರಗುಂದದ ಒಂದು ಕುಟುಂಬದ ಜಾಗದಲ್ಲಿ ನಿಂತು ನೋಡುವ ಪ್ರಯತ್ನ ಮಾಡಿದ್ದೇವೆ.

ಮೊದಲು, ಆರೋಗ್ಯಕ್ಕಾಗಿ ಸದಸ್ಯತ್ವ ಶುಲ್ಕ ಎಂಬ ಮಾತನ್ನೇ ಸ್ವಲ್ಪ ಬಿಡಿಸಿ ನೋಡೋಣ. ಇದೇ ಹೆಸರಿನಲ್ಲಿ ಬೇರೆ ಬೇರೆ ಸರಕುಗಳು ಮಾರಾಟವಾಗುತ್ತಿವೆ. ಅಮೆರಿಕದ ಸಿಯಾಟಲ್ ನಗರದಲ್ಲಿ 1996ರಲ್ಲಿ ಒಂದು ಹೊಸ ಬಗೆಯ ವೈದ್ಯಸೇವೆ ಆರಂಭವಾಯಿತು. 'ಕನ್ಸಿಯರ್ಜ್' ವೈದ್ಯಸೇವೆ ಎಂದು ಅದನ್ನು ಕರೆಯುತ್ತಾರೆ. ಅಲ್ಲಿ ವರ್ಷಕ್ಕೆ ಸಾವಿರಾರು ಡಾಲರ್ ಸದಸ್ಯತ್ವ ಹಣ ಕೊಟ್ಟವರನ್ನು ಮಾತ್ರ ವೈದ್ಯರು ನೋಡುತ್ತಾರೆ. ರಾತ್ರಿ ಫೋನ್ ಮಾಡಿದರೂ ಉತ್ತರಿಸುತ್ತಾರೆ, ಅವಸರವಿಲ್ಲದೆ ಕುಳಿತು ಮಾತಾಡುತ್ತಾರೆ. ಇದೇ ದಾರಿ ಹಿಡಿದ ಎಂಡಿವಿಐಪಿ ಎಂಬ ಸಂಸ್ಥೆ, ಒಬ್ಬ ವೈದ್ಯರಿಗೆ 600ಕ್ಕಿಂತ ಹೆಚ್ಚು ಸದಸ್ಯರು ಇರಬಾರದೆಂದು ಮಿತಿ ಹಾಕಿಕೊಂಡಿದೆ. ಅಂದರೆ ಅಲ್ಲಿ ಶುಲ್ಕ ಕೊಟ್ಟು ಕೊಳ್ಳುವುದು ಔಷಧವನ್ನಲ್ಲ, ಶಸ್ತ್ರಚಿಕಿತ್ಸೆಯನ್ನೂ ಅಲ್ಲ, ವೈದ್ಯರ ಸಮಯವನ್ನು. ಆಸ್ಪತ್ರೆಗೆ ದಾಖಲಾಗಬೇಕಾಗಿ ಬಂದರೆ ಅದಕ್ಕೆ ಬೇರೆ ವಿಮೆ ಇಟ್ಟುಕೊಂಡಿರಲೇಬೇಕು. ಬೆಂಗಳೂರಿನಂತಹ ನಗರಗಳಲ್ಲಿ ಕುಟುಂಬ ವೈದ್ಯರ ವಾರ್ಷಿಕ ಸದಸ್ಯತ್ವದ ಹೆಸರಿನಲ್ಲಿ ಇದರ ಸಣ್ಣ ರೂಪಗಳು ಕಾಣಿಸಿಕೊಂಡಿವೆ.

ನಮ್ಮ ಕರಾವಳಿಯವರಿಗೆ ಹೆಚ್ಚು ಪರಿಚಯವಿರುವುದು ಎರಡನೆಯ ಬಗೆ, ಆಸ್ಪತ್ರೆಯ ರಿಯಾಯಿತಿ ಕಾರ್ಡು. ಮಣಿಪಾಲ ಆರೋಗ್ಯ ಕಾರ್ಡು ಎರಡು ದಶಕಗಳಿಗೂ ಹೆಚ್ಚು ಕಾಲದಿಂದ ಉಡುಪಿ, ದಕ್ಷಿಣ ಕನ್ನಡದ ಮನೆಮನೆಗಳಲ್ಲಿದೆ. ವರ್ಷಕ್ಕೆ ಕೆಲವು ನೂರು ರೂಪಾಯಿ ಕೊಟ್ಟರೆ ವೈದ್ಯರ ಸಂದರ್ಶನ ಶುಲ್ಕ, ಪ್ರಯೋಗಾಲಯ ಪರೀಕ್ಷೆ, ಔಷಧಗಳಲ್ಲಿ ಇಂತಿಷ್ಟು ಶೇಕಡಾ ಕಡಿತ ದೊರೆಯುತ್ತದೆ. ಆಗಾಗ ಆಸ್ಪತ್ರೆಗೆ ಹೋಗಬೇಕಾದವರಿಗೆ, ಹತ್ತಿರದಲ್ಲೇ ಇರುವವರಿಗೆ ಅದು ಖಂಡಿತ ಪ್ರಯೋಜನಕಾರಿ. ಆದರೆ ಅದು ವಿಮೆಯಲ್ಲ. ಎರಡು ಲಕ್ಷದ ಬಿಲ್ಲಿನಲ್ಲಿ ಕಾಲು ಭಾಗ ಕಡಿಮೆಯಾದರೂ ಒಂದೂವರೆ ಲಕ್ಷ ಉಳಿಯುತ್ತದೆ. ಕೂಲಿಯವನಿಗೆ ಎರಡು ಲಕ್ಷವೂ ಒಂದೂವರೆ ಲಕ್ಷವೂ ಒಂದೇ. ಈ ವ್ಯತ್ಯಾಸವನ್ನು ನಮ್ಮ ಜನ ಗಮನಿಸುವುದು ಬಿಲ್ಲು ಕೈಗೆ ಬಂದ ಮೇಲೆ.

ಯಶಸ್ವಿನಿ ಈ ಎರಡೂ ಅಲ್ಲ. ಅದು ಮೂರನೆಯ ಬಗೆ. ಅನೇಕರು ಸ್ವಲ್ಪ ಸ್ವಲ್ಪ ಹಣ ಹಾಕಿ, ಅವರಲ್ಲಿ ಕೆಲವರಿಗೆ ಬಂದೊದಗುವ ದೊಡ್ಡ ಖರ್ಚನ್ನು ಎಲ್ಲರೂ ಹೊರುವ ವ್ಯವಸ್ಥೆ. ಹೃದ್ರೋಗ ತಜ್ಞ ಡಾ. ದೇವಿ ಶೆಟ್ಟಿಯವರ ಚಿಂತನೆ ಮತ್ತು ರಾಜ್ಯದ ಸಹಕಾರ ಇಲಾಖೆಯ ಜಾಲ ಸೇರಿ ಇದು ರೂಪುಗೊಂಡಿತು. 2002ರ ನವೆಂಬರಿನಲ್ಲಿ ಉದ್ಘಾಟನೆಗೊಂಡು 2003ರ ಜೂನ್ 1ರಿಂದ ಕಾರ್ಯಾರಂಭ ಮಾಡಿತು. ಆಗ ಒಬ್ಬ ಸದಸ್ಯನಿಗೆ ವರ್ಷಕ್ಕೆ 60 ರೂಪಾಯಿ. ತಿಂಗಳಿಗೆ ಐದು ರೂಪಾಯಿ ಎಂದು ಜನರಿಗೆ ತಿಳಿಸಿ ಹೇಳಲಾಗುತ್ತಿತ್ತು. ಮೊದಲ ವರ್ಷವೇ ಸುಮಾರು 16 ಲಕ್ಷ ಮಂದಿ ಸೇರಿದರು. ಆ ದಿನಗಳಲ್ಲಿ ಹಳ್ಳಿಯ ರೈತರಿಗಾಗಿ ಇಷ್ಟು ದೊಡ್ಡ ಮಟ್ಟದಲ್ಲಿ ಇಂತಹ ಯೋಜನೆ ನಡೆಸಿದ ಉದಾಹರಣೆ ದೇಶದಲ್ಲಿ ವಿರಳವಾಗಿತ್ತು. ನಮ್ಮ ಪಕ್ಕದ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ 'ಸಂಪೂರ್ಣ ಸುರಕ್ಷಾ' ಆರಂಭವಾದದ್ದು ಅದರ ಮರುವರ್ಷ, 2004ರಲ್ಲಿ.

ಇಂತಹ ಯೋಜನೆ ಸಹಕಾರ ಸಂಘದ ಮೂಲಕ ಬಂದುದು ಗದಗ ಜಿಲ್ಲೆಯವರಿಗೆ ಹೊಸತಾಗಿ ಕಾಣಬೇಕಾಗಿರಲಿಲ್ಲ. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂದು ಹೆಸರಾದುದು 1905ರಲ್ಲಿ ಹುಟ್ಟಿದ್ದು ಅದೇ ಜಿಲ್ಲೆಯ ಕಣಗಿನಹಾಳದಲ್ಲಿ, ಸಿದ್ಧನಗೌಡ ಪಾಟೀಲರ ಮುಂದಾಳುತನದಲ್ಲಿ. ಹತ್ತು ಜನ ಕೂಡಿ ಹಾಕಿದ ಹಣ ಒಬ್ಬನ ಕಷ್ಟಕ್ಕೆ ಆಗುತ್ತದೆ ಎಂಬ ಪಾಠ ಆ ನೆಲಕ್ಕೆ ನೂರು ವರ್ಷಕ್ಕೂ ಹಳೆಯದು.

ಆದರೆ ಅದೇ ನೆಲಕ್ಕೆ ಇನ್ನೊಂದು ಪಾಠವೂ ಗೊತ್ತಿದೆ, ಅದನ್ನು ಮರೆತರೆ ನಮ್ಮ ವಿಶ್ಲೇಷಣೆ ಅಪೂರ್ಣ. ನರಗುಂದ ತಾಲೂಕು ಮಲಪ್ರಭಾ ಅಚ್ಚುಕಟ್ಟು ಪ್ರದೇಶ. ನವಿಲುತೀರ್ಥದಲ್ಲಿ ಅಣೆಕಟ್ಟು ಕಟ್ಟಿ ಕಾಲುವೆ ತೋಡಿದ ಮೇಲೆ, ನೀರಾವರಿಯಿಂದ ಭೂಮಿಯ ಬೆಲೆ ಹೆಚ್ಚಿತೆಂದು ಸರ್ಕಾರ ರೈತರ ಮೇಲೆ 'ಬೆಟರ್‌ಮೆಂಟ್ ಲೆವಿ' ಎಂಬ ಅಭಿವೃದ್ಧಿ ಕರವನ್ನೂ ನೀರಿನ ಕರವನ್ನೂ ಹೇರಿತು. ಕಾಲುವೆಯ ತುದಿಯ ಹೊಲಗಳಿಗೆ ನೀರು ಸರಿಯಾಗಿ ತಲುಪಿರಲಿಲ್ಲ. ಕರದ ನೋಟಿಸು ಮಾತ್ರ ತಪ್ಪದೆ ತಲುಪಿತ್ತು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ನಡೆದ ರೈತರ ಬಂಡಾಯ, ಗೋಲಿಬಾರು, ಸಾವುನೋವುಗಳು ರಾಜ್ಯದ ರಾಜಕೀಯವನ್ನೇ ಬದಲಿಸಿದವು. ರಾಜ್ಯ ರೈತ ಸಂಘದ ಹುಟ್ಟಿಗೂ ಅದೇ ಹಿನ್ನೆಲೆ. ಆದುದರಿಂದ ಚಿಕ್ಕನರಗುಂದದ ಹಿರಿಯರೊಬ್ಬರು 'ನಾವು ರೊಕ್ಕ ಕಟ್ಟತೀವಿ, ಅದರ ನೀರು ನಮ್ಮ ಹೊಲಾ ಮುಟ್ಟತೈತೇನು?' ಎಂದು ಕೇಳಿದರೆ ಅದನ್ನು ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. ಆರೋಗ್ಯದ ವಂತಿಗೆಯ ವಿಷಯದಲ್ಲೂ ಕೇಳಬೇಕಾದ ಪ್ರಶ್ನೆ ಅದೇ.

ಈಗಿನ ಲೆಕ್ಕಕ್ಕೆ ಬರೋಣ. 2018ರಲ್ಲಿ ನಿಂತುಹೋಗಿದ್ದ ಯಶಸ್ವಿನಿಯನ್ನು 2022-23ರ ಮುಂಗಡಪತ್ರದಲ್ಲಿ ಮತ್ತೆ ಘೋಷಿಸಲಾಯಿತು. ಚಿಕಿತ್ಸೆಗಳು 2023ರ ಜನವರಿ 1ರಿಂದ ಆರಂಭವಾದವು. ಗ್ರಾಮೀಣ ಸಹಕಾರ ಸಂಘದ ಸದಸ್ಯನ ಕುಟುಂಬದಲ್ಲಿ ನಾಲ್ವರವರೆಗೆ 500 ರೂಪಾಯಿ, ಮೇಲಿನ ಪ್ರತಿಯೊಬ್ಬರಿಗೂ 100 ರೂಪಾಯಿ ಎಂದು ನಿಗದಿಪಡಿಸಲಾಯಿತು. ನಗರದ ಸಂಘಗಳವರಿಗೆ 1000 ಮತ್ತು 200. ಪರಿಶಿಷ್ಟ ಜಾತಿ, ಪಂಗಡದ ಸದಸ್ಯರ ವಂತಿಗೆಯನ್ನು ಸರ್ಕಾರವೇ ಭರಿಸುತ್ತದೆ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ನೆಟ್‌ವರ್ಕ್ ಆಸ್ಪತ್ರೆಗಳಲ್ಲಿ ನಗದು ಕಟ್ಟಬೇಕಾಗಿಲ್ಲ.

ಚಿಕ್ಕನರಗುಂದದಲ್ಲಿ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಅಜ್ಜ, ಅಜ್ಜಿ, ಮಗ, ಸೊಸೆ, ಇಬ್ಬರು ಮಕ್ಕಳು. ನಾಲ್ಕು ಎಕರೆ ಎರೆ ಹೊಲ. ಮುಂಗಾರಿಗೆ ಹೆಸರು ಇಲ್ಲವೇ ಗೋವಿನಜೋಳ, ಹಿಂಗಾರಿಗೆ ಕಡಲೆ. ಆರು ಜನರಿಗೆ ವಂತಿಗೆ 700 ರೂಪಾಯಿ. ದಿನಕ್ಕೆ ಎರಡು ರೂಪಾಯಿಯೂ ಆಗುವುದಿಲ್ಲ. ಆದರೆ ವಂತಿಗೆ ಕೇಳುವ ಕಾಲಕ್ಕೆ ಆ ಮನೆಯಲ್ಲಿ ಬೀಜ, ಗೊಬ್ಬರದ ಸಾಲವೋ ಮಕ್ಕಳ ಫೀಸೋ ಬಾಕಿ ಇರುತ್ತದೆ. ಹಾಗಾಗಿ 'ಬರೀ ಏಳುನೂರು' ಎಂದು ಹೇಳುವಾಗ ನಾವು ಸ್ವಲ್ಪ ನಾಲಗೆ ಹಿಡಿಯಬೇಕು.

ಈ ಮನೆಯ ರೇಷನ್ ಕಾರ್ಡು ಯಾವುದು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಬಿಪಿಎಲ್ ಆಗಿದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಚಿತ, ವಂತಿಗೆ ಇಲ್ಲ. ಆಗ ಯಶಸ್ವಿನಿಗೆ ಕೊಡುವ ಹಣದ ಹೆಚ್ಚಿನ ಪಾಲು ಈಗಾಗಲೇ ಇರುವ ರಕ್ಷಣೆಯನ್ನೇ ಇನ್ನೊಮ್ಮೆ ಕೊಂಡಂತೆ. ಎಪಿಎಲ್ ಆಗಿದ್ದರೆ ಚಿತ್ರ ಪೂರ್ತಿ ಬೇರೆ. ಆರೋಗ್ಯ ಕರ್ನಾಟಕದಲ್ಲಿ ಎಪಿಎಲ್‌ನವರಿಗೆ ಸರ್ಕಾರ ಕೊಡುವುದು ಪ್ಯಾಕೇಜ್ ದರದ ಶೇ. 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ಒಂದು ಲಕ್ಷದ ಪ್ಯಾಕೇಜಿನ ಶಸ್ತ್ರಚಿಕಿತ್ಸೆಯಾದರೆ 30,000 ಸರ್ಕಾರದ್ದು, 70,000 ರೈತನದ್ದು. ನಾಲ್ಕು ಎಕರೆಯ ಎಪಿಎಲ್ ರೈತ ಶ್ರೀಮಂತನೇನಲ್ಲ. ಆ ಎಪ್ಪತ್ತು ಸಾವಿರಕ್ಕೆ ಅವನು ಎತ್ತು ಮಾರಬೇಕು, ಇಲ್ಲವೇ ಹೊಲ ಒತ್ತೆ ಇಡಬೇಕು. ಅಂತಹವನಿಗೆ 500–700 ರೂಪಾಯಿಯ ವಂತಿಗೆ ಲಾಭವೆಂದು ಹೇಳಲು ನಾವು ಹಿಂಜರಿಯುವುದಿಲ್ಲ. ವಾಸ್ತವವಾಗಿ 2018ರಲ್ಲಿ ಯಶಸ್ವಿನಿಯನ್ನು ಆರೋಗ್ಯ ಕರ್ನಾಟಕದೊಳಗೆ ಸೇರಿಸಿದಾಗ ಹೆಚ್ಚು ನಷ್ಟವಾದದ್ದು ಈ ವರ್ಗಕ್ಕೇ. ಅಲ್ಲಿಯವರೆಗೆ ವಂತಿಗೆ ಕಟ್ಟಿ ಪೂರ್ಣ ರಕ್ಷಣೆ ಪಡೆಯುತ್ತಿದ್ದ ಸಹಕಾರಿ ರೈತ, ಒಮ್ಮೆಲೇ ಶೇ. 30ಕ್ಕೆ ಇಳಿದ.

ಹಾಗಾದರೆ ಬಿಪಿಎಲ್‌ನವರು ಸುಮ್ಮನಿರಬಹುದೇ? 2024ರ ನವೆಂಬರಿನಲ್ಲಿ ರಾಜ್ಯದಲ್ಲಿ ಏನಾಯಿತೆಂದು ನೆನಪಿಸಿಕೊಳ್ಳಿ. ಅನರ್ಹರ ಪತ್ತೆಯ ಹೆಸರಿನಲ್ಲಿ ಬಿಪಿಎಲ್ ಕಾರ್ಡುಗಳು ರದ್ದಾದವು, ಕೆಲವು ಎಪಿಎಲ್‌ಗೆ ಬದಲಾದವು. ಪ್ರತಿಭಟನೆ ಎದ್ದ ಮೇಲೆ ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಪಾವತಿಸುವವರನ್ನು ಬಿಟ್ಟು ಉಳಿದವರ ಕಾರ್ಡುಗಳನ್ನು ಹಿಂದಿರುಗಿಸುವಂತೆ ಮುಖ್ಯಮಂತ್ರಿಗಳು ಸೂಚಿಸಿದರು. ಅಕ್ಕಿಯ ಬಗ್ಗೆ ಆಗ ಸಾಕಷ್ಟು ಚರ್ಚೆಯಾಯಿತು. ಆಸ್ಪತ್ರೆಯ ಬಗ್ಗೆ ಯಾರೂ ಹೆಚ್ಚು ಮಾತಾಡಲಿಲ್ಲ. ಕಾರ್ಡಿನ ಬಣ್ಣ ಬದಲಾದ ದಿನವೇ ಆ ಮನೆಯ ಆರೋಗ್ಯ ರಕ್ಷಣೆ ಐದು ಲಕ್ಷದಿಂದ ಶೇ. 30ಕ್ಕೆ ಕುಸಿಯುತ್ತದೆ ಎಂಬುದು ನಮ್ಮ ಜನಪ್ರತಿನಿಧಿಗಳಿಗೆ ಹೊಳೆದಂತಿರಲಿಲ್ಲ. ತಮ್ಮ ಬಿಪಿಎಲ್ ಕಾರ್ಡಿನ ಬಗ್ಗೆ ಸಂದೇಹವಿರುವವರು – ಮನೆಯಲ್ಲಿ ಒಬ್ಬರಿಗೆ ಕೆಲಸ ಸಿಕ್ಕಿರುವುದು, ಕಾರು ಕೊಂಡಿರುವುದು, ಹೊಲ ಹೆಚ್ಚಿರುವುದು – ಯಶಸ್ವಿನಿಯ ವಂತಿಗೆಯನ್ನು ಬೇರೆ ದೃಷ್ಟಿಯಿಂದ ನೋಡಬೇಕು. ಯಶಸ್ವಿನಿ ನಿಂತಿರುವುದು ಸಂಘದ ಸದಸ್ಯತ್ವದ ಮೇಲೆ, ಬಡತನದ ಪ್ರಮಾಣಪತ್ರದ ಮೇಲಲ್ಲ.

ಇನ್ನೊಂದು ವ್ಯತ್ಯಾಸವಿದೆ. ಆರೋಗ್ಯ ಕರ್ನಾಟಕದಲ್ಲಿ ತುರ್ತು ಸಂದರ್ಭ ಬಿಟ್ಟರೆ, ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಅದಕ್ಕೆ ತಕ್ಕ ಕಾರಣವಿದೆ: ಸರ್ಕಾರಿ ಆಸ್ಪತ್ರೆಯಲ್ಲೇ ಆಗುವ ಚಿಕಿತ್ಸೆಗೆ ಖಾಸಗಿಗೆ ಹಣ ಕೊಡುವುದು ವ್ಯರ್ಥ. ನಾವು ಅದನ್ನು ಒಪ್ಪುತ್ತೇವೆ. ಆದರೆ ರೋಗಿಯ ಕಡೆಯಿಂದ ನೋಡಿದರೆ ನರಗುಂದದ ತಾಲೂಕು ಆಸ್ಪತ್ರೆ, ಅಲ್ಲಿಂದ ಗದಗಿನ ಜಿಲ್ಲಾ ಆಸ್ಪತ್ರೆ, ಅಲ್ಲಿಂದ ಐವತ್ತು ಕಿಲೋಮೀಟರಿಗೂ ದೂರದ ಹುಬ್ಬಳ್ಳಿ ಎಂದು ಓಡಾಡುವುದರಲ್ಲಿ ಕೂಲಿಯ ದಿನಗಳೂ ಬಸ್ಸಿನ ಹಣವೂ ಹೋಗುತ್ತವೆ. ಯಶಸ್ವಿನಿ ಸದಸ್ಯ ನೇರವಾಗಿ ನೆಟ್‌ವರ್ಕ್ ಆಸ್ಪತ್ರೆಗೆ ಹೋಗಬಹುದು. ಈ ಅನುಕೂಲಕ್ಕೆ ಬೆಲೆ ಇದೆ.

ಆಗದಿರುವುದು ಯಾವುದು ಎಂಬುದನ್ನೂ ಹೇಳಬೇಕು. ಯಶಸ್ವಿನಿ ಮುಖ್ಯವಾಗಿ ಶಸ್ತ್ರಚಿಕಿತ್ಸೆಯ ಯೋಜನೆ. ಹಾವು ಕಡಿತ, ನಾಯಿ ಕಡಿತ, ಎತ್ತು ತಿವಿದ ಗಾಯ, ಕೃಷಿ ಯಂತ್ರಕ್ಕೆ ಸಿಲುಕಿದ ಅಪಘಾತ, ವಿದ್ಯುತ್ ಆಘಾತ ಇವುಗಳನ್ನು ಮೊದಲ ವರ್ಷಗಳಲ್ಲೇ ಸೇರಿಸಿದ್ದು ರೈತರ ಬದುಕನ್ನು ಬಲ್ಲವರ ಕೆಲಸ. ಆದರೆ ಮಂಡಿಚಿಪ್ಪು ಬದಲಾವಣೆ, ಅಂಗಾಂಗ ಕಸಿ, ಕಿಮೊಥೆರಪಿ, ಡಯಾಲಿಸಿಸ್, ರಸ್ತೆ ಅಪಘಾತ ಮುಂತಾದವು ಹಳೆಯ ಯೋಜನೆಯಲ್ಲಿ ಹೊರಗಿದ್ದವು. ಹಾಗಾಗಿ ಈಗಿನ ಪಟ್ಟಿಯಲ್ಲಿ ತಮಗೆ ಬೇಕಾದುದು ಇದೆಯೇ ಎಂದು ಸೇರುವ ಮುನ್ನವೇ ಕೇಳಿಕೊಳ್ಳಬೇಕು. ಅಜ್ಜನ ಬಿಪಿ ಮಾತ್ರೆ, ಅಜ್ಜಿಯ ಸಕ್ಕರೆ ಕಾಯಿಲೆ, ಮಗುವಿನ ಜ್ವರ – ಮನೆಯಲ್ಲಿ ತಿಂಗಳು ತಿಂಗಳೂ ಹಣ ಹೋಗುವುದು ಇವಕ್ಕೆ. ಇವುಗಳಿಗೆ ಈ ಕಾರ್ಡು ನೆರವಾಗುವುದಿಲ್ಲ. ಅಮೆರಿಕದ ಶ್ರೀಮಂತ ಸಾವಿರಾರು ಡಾಲರ್ ಕೊಟ್ಟು ಕೊಳ್ಳುವುದು ಇದನ್ನೇ: ತನ್ನನ್ನು ಹೆಸರಿನಿಂದ ಬಲ್ಲ, ಹಿಂದಿನ ತಿಂಗಳು ಏನಾಗಿತ್ತೆಂದು ನೆನಪಿಡುವ ಒಬ್ಬ ವೈದ್ಯ. ಅಲ್ಲಿ 600 ಜನರಿಗೆ ಒಬ್ಬರು. ನಮ್ಮಲ್ಲಿ ಬಯಲು ಪ್ರದೇಶದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ನಿಗದಿಯಾದ ಅಳತೆ 30,000 ಜನರಿಗೆ ಒಂದು ಕೇಂದ್ರ.

ಈ ಅಂತರವನ್ನು ಯಾವ ವಂತಿಗೆಯೂ ತುಂಬುವುದಿಲ್ಲ. ತುಂಬುವ ಪ್ರಯತ್ನ ನಡೆಯುತ್ತಿರುವುದು ಆಶಾ ಕಾರ್ಯಕರ್ತೆಯರ ಮೂಲಕ, ಉಪಕೇಂದ್ರಗಳ ಮೂಲಕ. 2024ರ ಅಕ್ಟೋಬರಿನಲ್ಲಿ ಕೋಲಾರ ಜಿಲ್ಲೆಯಲ್ಲಿ ಆರಂಭಿಸಿ ನಂತರ ಇತರ ಜಿಲ್ಲೆಗಳಿಗೆ ವಿಸ್ತರಿಸಲಾದ 'ಗೃಹ ಆರೋಗ್ಯ' ಯೋಜನೆಯಲ್ಲಿ ಮನೆಗೇ ಬಂದು ರಕ್ತದೊತ್ತಡ, ಮಧುಮೇಹ ತಪಾಸಣೆ ಮಾಡಿ ಔಷಧ ಕೊಡುವುದು ಉದ್ದೇಶ. ಅದಕ್ಕೆ ಶುಲ್ಕವಿಲ್ಲ. ಅದು ಪ್ರತಿ ಹಳ್ಳಿಯಲ್ಲೂ ನಿಜವಾಗಿ ನಡೆಯುತ್ತಿದೆಯೇ ಎಂದು ಗ್ರಾಮಸಭೆಯಲ್ಲಿ ಕೇಳುವುದು ವಂತಿಗೆ ಕಟ್ಟುವುದಕ್ಕಿಂತ ಕಡಿಮೆ ಮಹತ್ವದ ಕೆಲಸವಲ್ಲ. ಸಕ್ಕರೆ ಕಾಯಿಲೆಯನ್ನು ಊರಲ್ಲೇ ಹತೋಟಿಯಲ್ಲಿಟ್ಟರೆ ಹುಬ್ಬಳ್ಳಿಯಲ್ಲಿ ಕಾಲು ಕತ್ತರಿಸುವ ಪ್ರಸಂಗ ಬರುವುದಿಲ್ಲ.

ವಂತಿಗೆಯ ಯೋಜನೆಗಳ ಒಂದು ಒಳಗಿನ ದೌರ್ಬಲ್ಯವನ್ನೂ ಓದುಗರ ಗಮನಕ್ಕೆ ತರುತ್ತೇವೆ. 2004-05ರಲ್ಲಿ ಯಶಸ್ವಿನಿ ಸದಸ್ಯರು ಸುಮಾರು 20 ಲಕ್ಷ. ಮರುವರ್ಷ ವಂತಿಗೆ 60ರಿಂದ 120ಕ್ಕೆ ಏರಿತು. ಸದಸ್ಯರ ಸಂಖ್ಯೆ 15 ಲಕ್ಷಕ್ಕಿಂತ ಕೆಳಗಿಳಿಯಿತು. ಬಿಟ್ಟುಹೋಗುವವರು ಯಾರು? ಸಾಮಾನ್ಯವಾಗಿ ಗಟ್ಟಿಮುಟ್ಟಾಗಿರುವವರು, 'ಕಳೆದ ವರ್ಷ ಕಟ್ಟಿದ್ದು ದಂಡವಾಯಿತು' ಎನ್ನುವವರು. ಕಾಯಿಲೆಯವರು ಹೇಗಾದರೂ ಮಾಡಿ ಉಳಿದುಕೊಳ್ಳುತ್ತಾರೆ. ಹಾಗಾದಾಗ ಬರುವ ಹಣ ಕಡಿಮೆ, ಹೋಗುವ ಹಣ ಹೆಚ್ಚು. ಸರ್ಕಾರ ಕೈ ಜೋಡಿಸದಿದ್ದರೆ ಆಸ್ಪತ್ರೆಗಳಿಗೆ ಬಾಕಿ ಉಳಿಯುತ್ತದೆ. ಬಾಕಿ ಉಳಿದರೆ 'ಹಾಸಿಗೆ ಖಾಲಿ ಇಲ್ಲ' ಎಂಬ ಉತ್ತರ ಕೇಳಿಬರುತ್ತದೆ. ಕಾಲುವೆಯ ತುದಿಗೆ ನೀರು ನಿಲ್ಲುವುದು ಹೀಗೆಯೇ. ಮೇಲಿನವರು ಸಾಕಷ್ಟು ಬಿಡದಿದ್ದರೆ ಕೆಳಗಿನವರು ಕರ ಕಟ್ಟಿಯೂ ಒಣಗುತ್ತಾರೆ. ಆದುದರಿಂದ 'ಏನೂ ಆಗಲಿಲ್ಲ, ದುಡ್ಡು ಹೋಯಿತು' ಎಂದು ಗೊಣಗುವವರಿಗೆ, ಏನೂ ಆಗದಿದ್ದುದೇ ಲಾಭವೆಂದು ನಮ್ಮ ಕಾರ್ಯಕರ್ತರು ಧೈರ್ಯವಾಗಿ ಹೇಳಬೇಕು. ಅವರ ಐನೂರು ಯಾರದೋ ಮನೆಯ ಹೆರಿಗೆಗೋ ಹೃದಯದ ಶಸ್ತ್ರಚಿಕಿತ್ಸೆಗೋ ಹೋಗಿದೆ.

ಈ ಮಾತು ಕರಾವಳಿಯ ಮನೆಗಳಿಗೂ ಅನ್ವಯಿಸುತ್ತದೆ. ಹಾಲು ಉತ್ಪಾದಕರ ಸಂಘ, ಮೀನುಗಾರರ ಸಹಕಾರ ಸಂಘ, ಕೃಷಿ ಪತ್ತಿನ ಸಂಘಗಳಲ್ಲಿ ಸದಸ್ಯರಾಗಿರುವ ನಮ್ಮ ಕುಟುಂಬಗಳಲ್ಲಿ ಎಪಿಎಲ್ ಕಾರ್ಡಿನವರೇ ಅನೇಕ. ಕೈಯಲ್ಲಿ ಆಸ್ಪತ್ರೆಯ ರಿಯಾಯಿತಿ ಕಾರ್ಡು ಇದೆಯೆಂಬ ನೆಮ್ಮದಿಯಲ್ಲಿ ಇದನ್ನು ಬಿಟ್ಟಿರುವವರು ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ ನೋಡಲಿ.

ಕರಾವಳಿಯಲ್ಲಿ ದುಡಿಯುತ್ತಿರುವ ಚಿಕ್ಕನರಗುಂದದ ಕುಟುಂಬಕ್ಕೆ ನಮ್ಮ ಕಾರ್ಯಕರ್ತರು ಕೊಡಬಹುದಾದ ಸಹಾಯ ಇಷ್ಟು. ಮೊದಲು ರೇಷನ್ ಕಾರ್ಡು ಯಾವುದು, ಅದು ಈಗಲೂ ಚಾಲ್ತಿಯಲ್ಲಿದೆಯೇ ಎಂದು ನೋಡಿ. ಎಪಿಎಲ್ ಆಗಿದ್ದು, ಊರಿನ ಸೊಸೈಟಿಯಲ್ಲೋ ಸ್ವಸಹಾಯ ಗುಂಪಿನಲ್ಲೋ ಸದಸ್ಯತ್ವವಿದ್ದರೆ ಗಡುವಿನೊಳಗೆ ವಂತಿಗೆ ಕಟ್ಟಿಸಿ. ಊರಿಗೆ ಹೋಗಲಾಗದಿದ್ದರೆ ಅಣ್ಣನೋ ಮಾವನೋ ಕಟ್ಟಲಿ, ಆದರೆ ಮನೆಯ ಪ್ರತಿಯೊಬ್ಬರ ಹೆಸರೂ ಆಧಾರ್‌ನಲ್ಲಿರುವಂತೆಯೇ ಬರೆದಿರಲಿ; ಕಾಗುಣಿತದ ತಪ್ಪಿಗೂ ಆಸ್ಪತ್ರೆಯ ಕೌಂಟರಿನಲ್ಲಿ ತೊಡಕಾಗಬಹುದು. ರಸೀದಿ ಇಲ್ಲದೆ ಹಣ ಕೊಡಬೇಡಿ. ನೆಟ್‌ವರ್ಕ್ ಆಸ್ಪತ್ರೆಗಳು ರಾಜ್ಯದೆಲ್ಲೆಡೆ ಇರುವುದರಿಂದ ನರಗುಂದದಲ್ಲಿ ಕಟ್ಟಿದ ವಂತಿಗೆಗೆ ಮಂಗಳೂರಿನಲ್ಲೋ ಉಡುಪಿಯಲ್ಲೋ ಚಿಕಿತ್ಸೆ ಪಡೆಯಲು ಅಡ್ಡಿಯಿಲ್ಲ. ಆ ವರ್ಷದ ಪಟ್ಟಿಯಲ್ಲಿ ಇಲ್ಲಿನ ಯಾವ ಆಸ್ಪತ್ರೆಗಳಿವೆ ಎಂದು ಸಹಕಾರ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ, ಆ ಪಟ್ಟಿಯನ್ನು ಧರ್ಮಕೇಂದ್ರದ ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸಿಡಿ.